ಫಿರಂಗಿಯ ಹಗ್ಗಕ್ಕೆ ಕುಂಕುಮ

ನನ್ನದು ಹುಟ್ಟಿನಿಂದಲೇ ಹೆದರುಪುಕ್ಕಲು ಜೀವ. ಗುರ್ತ ಇಲ್ಲದ ನಂಬರಿನಿಂದ ಫೋನ್ ಬಂದರೆ ಊರಲ್ಲಿ ಯಾರಿಗೋ ಏನೋ ಆಯಿತು ಅಂತಲೇ ಎತ್ತುವವನು. ಬಾಗಿಲಿಗೆ ಬೀಗ ಹಾಕಿ ಲಿಫ್ಟಿನವರೆಗೆ ಹೋಗಿ, ಮತ್ತೆ ವಾಪಸು ಬಂದು ಬೀಗ ಎಳೆದು ನೋಡುವವನು. ಹೆಂಡತಿ ನಗುತ್ತಾಳೆ. ಮಗಳು ‘ರಿಲ್ಯಾಕ್ಸ್ ಪಪ್ಪಾ’ ಅಂದು ತನ್ನ ಪಾಡಿಗೆ ತಾನು ಹೋಗುತ್ತಾಳೆ. ಹೀಗೆ ಹೆದರುತ್ತ ಹೆದರುತ್ತಲೇ ದುಬೈಯಲ್ಲಿ ಹದಿನೇಳು ವರ್ಷ ಕಳೆದೆ. ಅಷ್ಟು ವರ್ಷದಲ್ಲಿ ಹೆದರಲಿಕ್ಕೆ ಸರಿಯಾದ ಕಾರಣ ಇದ್ದದ್ದು ಒಂದೇ ಸಲ. ಅದೂ ನನ್ನ ಕೈಯಿಂದಲೇ ಆದದ್ದು.

ನನ್ನ ಕೆಲಸ ಮಾಡೆಲ್ ಮಾಡುವುದು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಶೆಡ್ಡಿನಲ್ಲಿ ನಮ್ಮ ವರ್ಕ್‌ಶಾಪ್. ಒಂದು ಪಕ್ಕ ಅಲ್ಯುಮಿನಿಯಂ ಕಿಟಕಿಯವರು, ಇನ್ನೊಂದು ಪಕ್ಕ ಬಿಸ್ಕೆಟಿನ ಗೋದಾಮು. ಇನ್ನೂ ಪಾಯ ತೋಡದ ಟವರುಗಳನ್ನು ನಾವು ಮೊದಲೇ ಕಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ಅದನ್ನು ನೋಡಿ ಜನ ಫ್ಲ್ಯಾಟ್ ಬುಕ್ ಮಾಡುತ್ತಾರೆ. ಬೆರಳುದ್ದದ ಖರ್ಜೂರದ ಮರ, ಉಗುರಿನಷ್ಟು ದೊಡ್ಡ ಕಾರು, ಈಜುಕೊಳದ ಬದಿಯಲ್ಲಿ ಅಂಗಾತ ಮಲಗಿದ ಜನ. ಅಪ್ಪ ಉಡುಪಿ ಕಡೆ ಯಕ್ಷಗಾನದ ಕಿರೀಟ, ಭುಜಕೀರ್ತಿ ಮಾಡುತ್ತಿದ್ದರು. ಹಗುರ ಮರ ಕೆತ್ತಿ ಚಿನ್ನದ ಬಣ್ಣದ ಬೇಗಡೆ ಅಂಟಿಸುವ ಕೆಲಸ. ಆ ಕೈ ನನಗೆ ಬಂದಿದೆ. ಅವರ ಧೈರ್ಯ ಬರಲಿಲ್ಲ.

ನಮ್ಮ ಫೋರ್ಮನ್ ಮಂಗಳೂರು ಕಡೆಯ ಬ್ಯಾರಿ. ಹಜ್ ಮಾಡಿ ಬಂದವರಾದ್ದರಿಂದ ನಾವೆಲ್ಲ ಹಾಜ್ಯಾರು ಅಂತಲೇ ಕರೆಯುವುದು. ನನ್ನನ್ನು ಈ ಕೆಲಸಕ್ಕೆ ಸೇರಿಸಿದ್ದು ಅವರೇ, ನನ್ನ ವೀಸಾ ರಿನ್ಯೂ ಆಗಬೇಕಾದರೆ ಆಫೀಸಿಗೆ ಒಂದು ಮಾತು ಹೇಳಬೇಕಾದವರೂ ಅವರೇ. ಆ ಅಕ್ಟೋಬರಿನಲ್ಲಿ ನನ್ನ ವೀಸಾ ಮುಗಿಯುವುದರಲ್ಲಿತ್ತು, ಮಗಳು ಹತ್ತನೇ ಕ್ಲಾಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದ್ದೆಲ್ಲ ನಡೆಯುವಾಗ ನನ್ನ ಮಂಡೆಯಲ್ಲಿ ಇದೇ ಓಡುತ್ತಿತ್ತು.

ಜೂನ್ ತಿಂಗಳಲ್ಲಿ ಒಬ್ಬರು ಮುದುಕರು ವರ್ಕ್‌ಶಾಪಿಗೆ ಬಂದರು. ದಕ್ಷಿಣ ಆಫ್ರಿಕಾದವರು. ಎಂಬತ್ತರ ಹತ್ತಿರ ವಯಸ್ಸು, ನೆಟ್ಟಗೆ ನಿಲ್ಲುವ ಆಳು. ಗಣಿ ಇಂಜಿನಿಯರಾಗಿ ಇಲ್ಲಿಗೆ ಬಂದು, ಹೆಂಡತಿ ತೀರಿಹೋದ ಮೇಲೂ ಜುಮೇರಾ ಲೇಕ್ ಟವರ್ಸಿನ ಫ್ಲ್ಯಾಟಿನಲ್ಲಿ ಒಬ್ಬರೇ ಉಳಿದವರು. ಅವರಿಗೆ ಬೇಕಾದದ್ದು ಟವರಲ್ಲ, ಫಿರಂಗಿ. ಅವರ ದೇಶದವರು ಸೇರುವ ಒಂದು ಹಾಲ್‌ನಲ್ಲಿ ಪ್ರದರ್ಶನ ಇಡುವುದಂತೆ. ಗುಡ್ಡದ ತುದಿಯಲ್ಲಿ ದೊಡ್ಡ ಫಿರಂಗಿ, ಸುತ್ತ ಅದನ್ನು ಹಾರಿಸುವ ಸಮವಸ್ತ್ರದ ಗೋಲಂದಾಜರು, ಕೆಳಗೆ ಎತ್ತುಗಳ ಸಾಲು. ಹಾಜ್ಯಾರು ನನ್ನ ಕಡೆ ಬೆರಳು ತೋರಿಸಿದರು. ಗೊಂಬೆ ಕೆಲಸ ಅಂದರೆ ನಾನೇ ಅಂತ ಮೊದಲೇ ತೀರ್ಮಾನ ಆಗಿದೆ.

ಆಮೇಲಿನ ಮೂರು ತಿಂಗಳು ಪ್ರತಿ ಶನಿವಾರ ಬೆಳಿಗ್ಗೆ ಮೆಟ್ರೋ ಹಿಡಿದು ಅವರ ಫ್ಲ್ಯಾಟಿಗೆ ಹೋಗುವುದು, ಮಾಡಿದ್ದನ್ನು ತೋರಿಸುವುದು, ಬೈಸಿಕೊಳ್ಳುವುದು. ಅಂಗಿಯ ಗುಂಡಿ ಒಂದು ಹೆಚ್ಚಾಯಿತು ಅಂತ ಹನ್ನೊಂದು ಗೊಂಬೆಗಳನ್ನು ವಾಪಸು ಕಳಿಸಿದ್ದರು. ಎದೆಯ ಮೇಲಿನ ಕರಿ ದಾರದ ಪಟ್ಟಿ ತುಸು ಓರೆಯಾಗಿದ್ದರೆ ಭೂತಗನ್ನಡಿ ಹಿಡಿದು ತೋರಿಸುವರು. ಆ ಗೊಂಬೆಗಳೋ ನನ್ನ ಹೆಬ್ಬೆರಳಿನಷ್ಟು. ಇಷ್ಟು ಪಿರಿಪಿರಿ ಯಾಕೆ ಮಾರಾಯ ಅಂತ ಒಳಗೊಳಗೆ ಕುದಿಯುತ್ತಿದ್ದೆ, ಬಾಯಲ್ಲಿ ಮಾತ್ರ ಯೆಸ್ ಸರ್.

ಆದರೆ ಅವರು ಹೇಳಿದ ಕಥೆ ಚಂದ ಇತ್ತು, ಅದನ್ನು ಇಲ್ಲ ಅನ್ನಲಿಕ್ಕಾಗದು. ಅವರ ಅಜ್ಜನ ಕಾಲದಲ್ಲಿ ಅಲ್ಲಿ ಬೋಯರ್ ಅನ್ನುವ ಬಿಳಿಯ ರೈತರದ್ದೇ ಎರಡು ಗಣರಾಜ್ಯಗಳು ಇದ್ದವಂತೆ. ಅದರಲ್ಲಿ ಒಂದು ಟ್ರಾನ್ಸ್‌ವಾಲ್. ಆ ರಾಜ್ಯಕ್ಕೆ ಸೈನ್ಯ ಅಂತ ಬೇರೆ ಇರಲಿಲ್ಲ. ಯುದ್ಧ ಬಂದರೆ ಪ್ರತಿಯೊಬ್ಬ ರೈತ ತನ್ನ ಕುದುರೆ, ತನ್ನ ಬಂದೂಕು, ತನ್ನ ಮಾಮೂಲಿ ಅಂಗಿಯಲ್ಲೇ ಹೊರಡುವುದು, ಮುಗಿದ ಮೇಲೆ ಹೊಲಕ್ಕೆ ವಾಪಸು. ಸಂಬಳ ತೆಗೆದುಕೊಂಡು, ಬ್ಯಾರಕ್ಕಿನಲ್ಲಿ ಮಲಗಿ, ದಿನಾ ಕವಾಯತು ಮಾಡುವ ಸಿಪಾಯಿಗಳು ಅಂದರೆ ಫಿರಂಗಿ ದಳದವರು ಮಾತ್ರ. ನೀಲಿ ಅಂಗಿ ತೊಟ್ಟ ಈ ಹುಡುಗರನ್ನು ನೋಡಿ ಗಡ್ಡದ ರೈತರು ನಗುತ್ತಿದ್ದರಂತೆ. ಬಯಲಾಟ ಕುಣಿಯುವವರ ಹಾಗೆ ವೇಷ ಕಟ್ಟಿದ್ದಾರೆ ಅಂತ ಇರಬೇಕು. ವೇಷದ ಮನೆಯಲ್ಲಿ ಹುಟ್ಟಿದ ನನಗೆ ಅದು ಸರೀ ಅರ್ಥ ಆಯಿತು.

ರಾಜ್ಯದಲ್ಲಿ ಚಿನ್ನ ಸಿಕ್ಕಿತು, ಇಂಗ್ಲಿಷರ ಕಣ್ಣು ಬಿತ್ತು. ಆಗ ಇವರು ಜರ್ಮನಿಯಿಂದ, ಫ್ರಾನ್ಸಿನಿಂದ ಹೊಸ ಹೊಸ ಫಿರಂಗಿ ತರಿಸಿದರು. ನಾಲ್ಕು ಮಾತ್ರ ಬಹಳ ದೊಡ್ಡವು, ರಾಜಧಾನಿಯ ಸುತ್ತಲಿನ ಕೋಟೆಗಳಲ್ಲಿ ಕೂರಿಸಲಿಕ್ಕೆ ಅಂತ ತಂದವು. ಯುದ್ಧ ಶುರುವಾದದ್ದೇ ತಡ, ಆ ಕೋಟೆಯ ಫಿರಂಗಿಗಳನ್ನು ಕೆಳಗಿಳಿಸಿ, ಎತ್ತುಗಳನ್ನು ಕಟ್ಟಿ, ಗುಡ್ಡ ಹತ್ತಿಸಿ ಇಂಗ್ಲಿಷರ ಎದುರು ತಂದು ನಿಲ್ಲಿಸಿದರು. ಅಷ್ಟು ಭಾರದ್ದನ್ನು ಹಾಗೆ ಎಳೆದು ತಂದಾರು ಅಂತ ಯಾರೂ ಎಣಿಸಿರಲಿಲ್ಲ. ಇಂಗ್ಲಿಷರು ಅದಕ್ಕೆ ಲಾಂಗ್ ಟಾಮ್ ಅಂತ ಅಡ್ಡಹೆಸರಿಟ್ಟರು. ಕೊನೆಗೆ ರಾಜಧಾನಿ ಹೋಯಿತು, ಗುಂಡುಗಳು ಮುಗಿಯುತ್ತ ಬಂದವು. ಶತ್ರುವಿನ ಕೈಗೆ ಕೊಡುವುದು ಬೇಡ ಅಂತ ಗೋಲಂದಾಜರು ತಾವೇ ತಮ್ಮ ಫಿರಂಗಿಯೊಳಗೆ ಸಿಡಿಮದ್ದು ಇಟ್ಟು ಒಡೆದುಹಾಕಿದರು. ಇದನ್ನು ಹೇಳುವಾಗ ಮುದುಕರು ಪ್ರತಿ ಸಲ ಕಿಟಕಿಯ ಕಡೆ ತಿರುಗುತ್ತಿದ್ದರು.

ಅವರ ಅಜ್ಜ ಆ ಕೊನೆಯ ದಿನ ಅಲ್ಲಿದ್ದವರು. ಫಿರಂಗಿ ಒಡೆಯುವ ಮೊದಲು ಅದರ ಎಳೆಹಗ್ಗವನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡರಂತೆ. ಹಿಂದೆ ನಿಂತು ಯಾವ ಹಗ್ಗವನ್ನು ಜಗ್ಗಿದರೆ ಗುಂಡು ಹಾರುತ್ತದೋ ಅದು. ಕೆಲವೇ ವಾರದಲ್ಲಿ ಸೆರೆ ಸಿಕ್ಕಿದರು, ಹಡಗು ಹತ್ತಿಸಿ ಇಂಡಿಯಾಕ್ಕೆ ಕಳಿಸಿದರು. ಎಲ್ಲಿಗೆ ಅಂತ ಕೇಳಿದೆ. ಬಳ್ಳಾರಿ, ಅಂದರು.

ಬಳ್ಳಾರಿ ನಮ್ಮ ರಾಜ್ಯದ್ದು ಸರ್ ಅಂದೆ. ನೀನು ಅಲ್ಲಿಯವನಾ ಅಂತ ಅವರು ಎದ್ದು ನಿಂತರು. ನಾನು ಸಮುದ್ರದ ಕಡೆಯವನು, ಬಳ್ಳಾರಿ ನೋಡಿದ್ದೇ ಇಲ್ಲ ಅಂತ ಹೇಳಲಿಕ್ಕೆ ಆವತ್ತು ನಾಚಿಕೆಯಾಯಿತು. ಅಲ್ಲಿ ಬಿಸಿಲು ಜಾಸ್ತಿ ಅಂತಷ್ಟೇ ಹೇಳಿದೆ. ಅಜ್ಜನೂ ಅದನ್ನೇ ಹೇಳುತ್ತಿದ್ದರಂತೆ. ಆ ಸೆಕೆಯ ಶಿಬಿರದಲ್ಲಿ ಸಮವಸ್ತ್ರ ಹರಿದು ಚಿಂದಿಯಾದರೂ ಹಗ್ಗ ಮಾತ್ರ ಸೊಂಟದಲ್ಲೇ ಇತ್ತಂತೆ. ಉಡಿದಾರದ ಹಾಗೆ ಅಂದುಕೊಂಡೆ, ಇಂಗ್ಲಿಷಿನಲ್ಲಿ ಅದಕ್ಕೆ ಎಂತ ಹೇಳುವುದು ಗೊತ್ತಾಗಲಿಲ್ಲ. ಆವತ್ತಿನಿಂದ ಅವರು ನನಗೆ ಕಾಫಿಯ ಜೊತೆ ಗಟ್ಟಿ ರಸ್ಕೂ ಕೊಡಲಿಕ್ಕೆ ಶುರು ಮಾಡಿದರು.

ಒಂದು ಶನಿವಾರ ಹಳೆಯ ಫೋಟೋದ ಪ್ರತಿ ಕೊಟ್ಟರು. ಫಿರಂಗಿಯ ಸುತ್ತ ನಿಂತ ಪ್ರತಿಯೊಬ್ಬರ ಹೆಸರೂ ಹಿಂದೆ ಬರೆದಿತ್ತು. ಎತ್ತುಗಳ ಮುಂದೆ ಹಗ್ಗ ಹಿಡಿದು ನಿಂತ ಕರಿಯ ಮನುಷ್ಯನ ಹೆಸರು ಮಾತ್ರ ಇರಲಿಲ್ಲ. ಇವರು ಯಾರು ಅಂತ ಕೇಳಿದರೆ, ಎತ್ತು ನಡೆಸುವವನು, ದಳಕ್ಕೆ ಸೇರಿದವನಲ್ಲ, ಸಮವಸ್ತ್ರ ಇಲ್ಲ ಅಂದರು. ನನಗೆ ಆ ಇಡೀ ಫೋಟೋದಲ್ಲಿ ಗುರ್ತ ಸಿಕ್ಕಿದ್ದು ಅವನೊಬ್ಬನದೇ. ಕಟ್ಟುವವರು ಒಬ್ಬರು, ಹೆಸರು ಹಾಕಿಸಿಕೊಳ್ಳುವವರು ಇನ್ನೊಬ್ಬರು ಅನ್ನುವುದನ್ನು ಈ ಊರಲ್ಲಿ ನನಗೆ ಯಾರೂ ಕಲಿಸಬೇಕಾಗಿಲ್ಲ. ಲಿಸ್ಟಿನಲ್ಲಿ ಇಲ್ಲದಿದ್ದರೂ ಅವನ ಗೊಂಬೆಯನ್ನು ಎಲ್ಲರಿಗಿಂತ ಜಾಸ್ತಿ ಸಮಯ ತೆಗೆದುಕೊಂಡು ಮಾಡಿದೆ. ಮುದುಕರು ನೋಡಿದರು, ಬೇಡ ಅನ್ನಲಿಲ್ಲ.

ಸೆಪ್ಟೆಂಬರ್ ಕೊನೆಗೆ ಆ ಎಳೆಹಗ್ಗವನ್ನೇ ನನ್ನ ಕೈಗೆ ಕೊಟ್ಟರು. ಮಾಡೆಲ್ಲಿನ ಮುಂದೆ ಅದಕ್ಕೊಂದು ಗಾಜಿನ ಪೆಟ್ಟಿಗೆ ಆಗಬೇಕು, ಅಳತೆಗೆ ಅಂತ. ಒಂದೂವರೆ ಮಾರು ಉದ್ದದ ಹೆಣೆದ ಹತ್ತಿ ಹಗ್ಗ, ಕಂದು ಬಣ್ಣ, ಒಂದು ತುದಿಗೆ ಕಬ್ಬಿಣದ ಕೊಕ್ಕೆ, ಇನ್ನೊಂದು ತುದಿಗೆ ಕೈಯಲ್ಲಿ ಹಿಡಿಯಲಿಕ್ಕೆ ಒಂದು ಮರದ ತುಂಡು. ನಾನು ಮೆಚ್ಚಿಕೊಂಡೇ ಹೇಳಿದೆ, ಎಷ್ಟು ಚೆನ್ನಾಗಿ ಉಳಿದಿದೆ ಸರ್, ನೂರು ವರ್ಷದ್ದು ಅಂತ ಹೇಳಲಿಕ್ಕೇ ಆಗುವುದಿಲ್ಲ ಅಂತ. ಅವರ ಮುಖ ಕೆಂಪಗಾಯಿತು. ನಿನಗೆ ಪೆಟ್ಟಿಗೆ ಮಾಡಲಿಕ್ಕೆ ಹೇಳಿದ್ದು, ಪರೀಕ್ಷೆ ಮಾಡಲಿಕ್ಕಲ್ಲ ಅಂತ ಗದರಿದರು. ಎಂತ ತಪ್ಪು ಹೇಳಿದೆ ಅಂತ ಮೆಟ್ರೋದಲ್ಲಿ ಮನೆಯವರೆಗೂ ಯೋಚಿಸಿದೆ. ನ್ಯೂಜಿಲೆಂಡಿನಿಂದ ಮಗ ಪ್ರದರ್ಶನಕ್ಕೆ ಬರುತ್ತಾನೆ, ಆವತ್ತು ಈ ಹಗ್ಗವನ್ನು ಅವನ ಕೈಗೆ ಒಪ್ಪಿಸುವುದು ಅಂತ ಮಾತ್ರ ಹೊರಡುವಾಗ ಹೇಳಿದ್ದರು.

ಇನ್ನು ಆಯುಧಪೂಜೆಯ ವಿಷಯ. ನಮ್ಮ ವರ್ಕ್‌ಶಾಪಿನಲ್ಲಿ ಊರಿನ ಕಡೆಯ ನಾಲ್ಕೈದು ಜನ ಇದ್ದೇವೆ. ವರ್ಷಕ್ಕೊಮ್ಮೆ ಮಧ್ಯಾಹ್ನ ಊಟದ ಹೊತ್ತಿಗೆ ಸ್ಟೋರ್ ರೂಮಿನ ಬಾಗಿಲು ಎಳೆದುಕೊಂಡು ಉಳಿ, ಗರಗಸ, ಡ್ರಿಲ್ಲು, ಕತ್ತರಿ ಎಲ್ಲ ಸಾಲಾಗಿ ಇಟ್ಟು ಗಂಧ ಕುಂಕುಮ ಹಚ್ಚುತ್ತೇವೆ. ಊದುಬತ್ತಿ ಇಲ್ಲ, ಒಂದು ವರ್ಷ ಹಚ್ಚಿ ಸ್ಮೋಕ್ ಅಲಾರಂ ಬೊಬ್ಬೆ ಹಾಕಿ ಬಿಸ್ಕೆಟ್ ಗೋದಾಮಿನವರೂ ಹೊರಗೆ ಓಡಿದ್ದಾರೆ. ಹಾಜ್ಯಾರು ಆ ಹೊತ್ತಿಗೆ ಸರಿಯಾಗಿ ಚಾ ಕುಡಿಯಲಿಕ್ಕೆ ಅಂತ ಹೊರಗೆ ಹೋಗುತ್ತಾರೆ, ಬರುವಾಗ ನಮಗೂ ತರುತ್ತಾರೆ. ಆಮೇಲೆ ಅವಲಕ್ಕಿ ಅವರಿಗೂ ಸಿಗುತ್ತದೆ. ಇದು ಯಾರೂ ಮಾತಾಡಿಕೊಳ್ಳದೆ ನಡೆದುಬಂದ ಏರ್ಪಾಡು.

ಆ ವರ್ಷ ಫಿರಂಗಿಯ ಮಾಡೆಲ್ ಅದೇ ಸ್ಟೋರ್ ರೂಮಿನ ಮೇಜಿನ ಮೇಲಿತ್ತು, ಪೆಟ್ಟಿಗೆಯ ಅಳತೆಗೆ ಅಂತ ತೆಗೆದ ಹಗ್ಗ ಅದರ ಪಕ್ಕದಲ್ಲಿ. ಇಷ್ಟು ವರ್ಷದ ಪೂಜೆಯಲ್ಲಿ ನಿಜವಾದ ಆಯುಧ ಅಂತ ಬಂದದ್ದು ಇದೇ ಮೊದಲು ಅಂತ ನಾನೇ ತಮಾಷೆ ಮಾಡಿದೆ, ಎಲ್ಲರೂ ನಕ್ಕರು. ಆ ನಗುವಿನ ಉಮೇದಿನಲ್ಲಿ ಫಿರಂಗಿಯ ನಳಿಗೆಗೆ ಒಂದು ಬೊಟ್ಟು ಇಟ್ಟೆ. ಅದು ಬಣ್ಣ ಹೊಡೆದ ಪ್ಲಾಸ್ಟಿಕ್, ಒರೆಸಿದರೆ ಹೋಗುತ್ತದೆ. ಕೈ ಅಲ್ಲಿಗೆ ನಿಲ್ಲಲಿಲ್ಲ. ಸಾಲಿನಲ್ಲಿ ಮುಂದೆ ಯಾವುದಿದೆಯೋ ಅದಕ್ಕೆ ಹಚ್ಚುವುದು ಚಿಕ್ಕಂದಿನಿಂದ ಆದ ಅಭ್ಯಾಸ, ಅಪ್ಪನ ಉಳಿಗಳ ಸಾಲಿಗೆ ಹಾಗೆಯೇ ಹಚ್ಚುತ್ತಿದ್ದದ್ದು. ನೀರಿನಲ್ಲಿ ಕಲಸಿದ ಕುಂಕುಮದ ಬೆರಳನ್ನು ಹಗ್ಗದ ಮರದ ತುಂಡಿಗೆ ಒತ್ತಿದೆ. ಅದು ಜಾರಿ ಕೆಳಗಿನ ಹತ್ತಿಗೆ ಇಳಿಯಿತು. ಕಣ್ಣೆದುರೇ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಹರಡಿತು.

ಬಟ್ಟೆಯಲ್ಲಿ ಒತ್ತಿ ತೆಗೆದೆ, ಇನ್ನಷ್ಟು ಒಳಗೆ ಹೋಯಿತು. ಸೋಪು ತಾಗಿಸಿದೆ. ಅಮ್ಮ ಊರಿಂದ ಕಳಿಸಿದ, ಅರಸಿನದಿಂದ ಮನೆಯಲ್ಲೇ ಮಾಡಿದ ಕುಂಕುಮ ಅದು; ಸೋಪು ತಾಗಿದ್ದೇ ತಡ ರಕ್ತದ ಹಾಗೆ ಕೆಂಪಾಯಿತು. ಅರಸಿನಕ್ಕೆ ಲಿಂಬೆ ಮದ್ದು ಅಂತ ಯಾರೋ ಹೇಳಿದರು. ಲಿಂಬೆ ಹಿಂಡಿದೆ. ಕೆಂಪು ಹೋಗಿ ಹಳದಿ ಬಂತು, ಕಲೆ ಇನ್ನೂ ಉದ್ದವಾಯಿತು. ಅರಸಿನದ ಕಲೆ ಬಿಸಿಲಿಗೆ ಹೋಗುತ್ತದೆ ಅಂತ ಮನೆಯ ಹೆಂಗಸರೆಲ್ಲ ಹೇಳುವುದು ನೆನಪಾಗಿ, ಶೆಡ್ಡಿನ ಹಿಂದೆ ನಿಂತ ಪಿಕಪ್ಪಿನ ಬಾನೆಟ್ ಮೇಲೆ ಕಾಗದ ಹಾಸಿ ಹಗ್ಗ ಒಣಗಲು ಇಟ್ಟೆ. ಎರಡು ದಿನ ಅಲ್ಲೇ ಕಾವಲು ಕೂತೆ. ಹಳದಿ ಸುಮಾರು ಇಳಿಯಿತು ನಿಜ. ಆದರೆ ತೊಳೆಯುವಾಗ ಹಗ್ಗದ ಕಂದು ಬಣ್ಣವೂ ನೀರಿನ ಜೊತೆ ಹರಿದುಹೋಗಿತ್ತು. ಯುದ್ಧದ ಹೊಗೆ, ನೂರು ವರ್ಷದ ಬೆವರು, ಎಲ್ಲ ನಾನು ಸಿಂಕಿನಲ್ಲಿ ಚೆಲ್ಲಿದ್ದೆ. ನಡುವೆ ಒಂದು ಬಿಳಿ ಜಾಗ, ಅದರ ಸುತ್ತ ಕಿತ್ತಳೆ ಅಂಚು. ಮೊದಲಿನ ಬೊಟ್ಟಿಗಿಂತ ಇದೇ ಭೀಕರ.

ಹಾಜ್ಯಾರಿಗೆ ಹೇಳದೆ ವಿಧಿ ಇರಲಿಲ್ಲ. ಬೈಯುತ್ತಾರೆ ಅಂತ ನಿಂತಿದ್ದೆ, ಬೈಯಲಿಲ್ಲ. ಹಗ್ಗವನ್ನು ಮುಟ್ಟದೆ ಬಗ್ಗಿ ನೋಡಿದರು.

“ಇದು ನಮ್ಮ ಸಾಮಾನಲ್ಲ ಮಾರಾಯ, ಅಮಾನತ್ತು,” ಅಂದರು. “ನಂಬಿ ಇಟ್ಟದ್ದು. ಅವರಿಗೆ ಹೇಳುವವನು ನೀನೇ. ನಾನು ಹೇಳಿದರೆ ಅದಕ್ಕೆ ಬೆಲೆ ಇಲ್ಲ.”

ವೀಸಾದ ಬಗ್ಗೆ ಕೇಳಲಿಕ್ಕೆ ಬಾಯಿ ಬರಲಿಲ್ಲ. ಕಾಗದ ಅವರ ಮೇಜಿನ ಮೇಲೇ ಇತ್ತು, ಸಹಿ ಆಗಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಮುಖ ನೋಡಿಯೇ ಕೇಳಿದಳು. ಹೇಳಿದೆ. ಅವಳು ಒಂದು ನಿಮಿಷವೂ ಯೋಚಿಸಲಿಲ್ಲ. ಇಂಥದ್ದೇ ಇನ್ನೊಂದು ಮಾಡಿಬಿಡಿ, ನಿಮ್ಮ ಕೈಯಲ್ಲಿ ಆಗದ್ದು ಎಂತ ಉಂಟು, ಮಗಳ ಬೋರ್ಡ್ ಪರೀಕ್ಷೆಯ ವರ್ಷ ಊರಿಗೆ ಹೋಗಿ ಕೂರುವುದಾ ಅಂದಳು. ಅವಳ ಮಾತು ತಪ್ಪು ಅಂತ ಈಗಲೂ ಹೇಳಲಾರೆ. ನನ್ನ ಮನಸ್ಸಿನಲ್ಲಿ ಇದ್ದದ್ದನ್ನೇ ಅವಳು ಬಾಯಿಬಿಟ್ಟು ಹೇಳಿದ್ದು. ನಾನು ಹುಟ್ಟಿ ಬೆಳೆದದ್ದೇ ಇಲ್ಲದ ಚಿನ್ನವನ್ನು ಚಿನ್ನ ಅಂತ ತೋರಿಸುವ ಮನೆಯಲ್ಲಿ.

ಮರುದಿನ ದೇರಾದಲ್ಲಿ, ಕ್ರೀಕಿನ ಹತ್ತಿರ ದೋಣಿಗಳ ಸಾಮಾನು ಮಾರುವ ಅಂಗಡಿಗೆ ಹೋದೆ. ಹುಡುಕಬೇಕಾಗಿಯೇ ಬರಲಿಲ್ಲ. ಎರಡನೇ ಅಂಗಡಿಯಲ್ಲೇ ಅದೇ ದಪ್ಪ, ಅದೇ ಹೆಣಿಗೆ, ಎಳೆ ಎಣಿಸಿದರೆ ಅಷ್ಟೇ ಎಳೆ. ಹಗ್ಗ ಹೆಣೆಯುವ ರೀತಿ ನೂರು ವರ್ಷದಲ್ಲೂ ಬದಲಾಗಲಿಲ್ಲ ನೋಡು ಅಂತ ಆಶ್ಚರ್ಯಪಟ್ಟೆ. ಹಾಲು ಹಾಕದ ಚಾ ಕಣ್ಣಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ, ಅಂಗೈಯಲ್ಲಿ ಎಣ್ಣೆ ಸವರಿ ಉಜ್ಜಿ ಉಜ್ಜಿ ನಾಲ್ಕು ದಿನದಲ್ಲಿ ಹಳತು ಮಾಡಿದೆ. ಕೊಕ್ಕೆಗೆ ಉಪ್ಪುನೀರು ಹಾಕಿ ತುಕ್ಕು ಬರಿಸಿದೆ. ಮರದ ತುಂಡಿನ ಮೇಲಿನ ಗೀರು ಕೂಡ ಬಿಡಲಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ನನ್ನದೇ ಹೆಚ್ಚು ಹಳತಾಗಿ ಕಾಣುತ್ತಿತ್ತು. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಹೆಮ್ಮೆಯಾದ ಮರುಕ್ಷಣ ಎರಡನ್ನೂ ಕಣ್ಣಿಗೆ ಕಾಣದ ಹಾಗೆ ಕಾಗದದಲ್ಲಿ ಸುತ್ತಿಟ್ಟೆ.

ಪ್ರದರ್ಶನಕ್ಕೆ ಒಂದು ದಿನ ಇರುವಾಗ ಎರಡು ಹಗ್ಗವನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೊರಟೆ. ಮೆಟ್ರೋದಲ್ಲಿ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೇಳುತ್ತೇನೆ, ಇಲ್ಲ ಹೇಳುವುದಿಲ್ಲ, ಅಂತ ಸ್ಟೇಷನ್ನಿಗೊಂದು ತೀರ್ಮಾನ. ಇಳಿಯುವ ಹೊತ್ತಿಗೆ ಹೇಳುವುದಿಲ್ಲ ಅಂತಲೇ ಆಗಿತ್ತು.

ಮುದುಕರು ಬಾಗಿಲು ತೆಗೆದರು. ಮಗ ಬೆಳಿಗ್ಗೆಯೇ ಬಂದಿಳಿದು ಒಳಗೆ ಮಲಗಿದ್ದಾನೆ ಅಂತ ಮೆಲ್ಲಗೆ ಹೇಳಿದರು. ನಾನು ಮೇಜಿನ ಮೇಲೆ ನನ್ನ ಹಗ್ಗವನ್ನು ಇಟ್ಟೆ. ಅವರು ಭೂತಗನ್ನಡಿ ತೆಗೆದು ಕೊಕ್ಕೆಯಿಂದ ಮರದವರೆಗೂ ನೋಡಿದರು. ಗುಂಡಿ ಎಣಿಸುವ ಆ ಕಣ್ಣಿಗೆ ಏನೂ ಸಿಗಲಿಲ್ಲ. ಚೆನ್ನಾಗಿ ಇಟ್ಟುಕೊಂಡಿದ್ದೀ, ಥ್ಯಾಂಕ್ಯೂ ಅಂದರು. ಹಗ್ಗವನ್ನು ಎತ್ತಿ ಎದೆಗೆ ಒತ್ತಿ ಹಿಡಿದುಕೊಂಡರು, ಆಮೇಲೆ ಅದನ್ನು ಮೇಜಿನ ಮೇಲೇ ಇಟ್ಟು ಕಾಫಿ ಮಾಡಲಿಕ್ಕೆ ಅಡುಗೆಮನೆಗೆ ಹೋದರು. ಗೆದ್ದೆ ಅಂತ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನಾಳೆ ಆ ಮಗ ಇದನ್ನು ತೆಗೆದುಕೊಂಡು ನ್ಯೂಜಿಲೆಂಡಿಗೆ ಹೋಗುತ್ತಾನೆ, ಅವನ ಮಕ್ಕಳಿಗೆ ತೋರಿಸುತ್ತಾನೆ, ನಾನು ಮಾತ್ರ ಬಾಗಿಲ ಬೀಗ ಎಳೆದು ನೋಡುವ ಹಾಗೆ ಇದನ್ನೇ ಸಾಯುವವರೆಗೆ ಎಳೆದು ಎಳೆದು ನೋಡುತ್ತಾ ಇರುತ್ತೇನೆ. ಕಪ್ಪುಗಳನ್ನು ಹಿಡಿದು ಅವರು ಬಂದಾಗ ಮೇಜಿನ ಮೇಲೆ ಎರಡು ಹಗ್ಗಗಳಿದ್ದವು.

ಎಲ್ಲ ಹೇಳಿದೆ. ಆಯುಧಪೂಜೆ ಅಂದರೆ ಎಂತ ಅನ್ನುವುದರಿಂದ ಹಿಡಿದು ಚಾ ಕಣ್ಣಿನವರೆಗೆ. ನನ್ನ ಇಂಗ್ಲಿಷು ನಡುನಡುವೆ ತುಳುವಾಗುತ್ತಿತ್ತು. ನನ್ನ ಕೆಲಸ ತೆಗೆಸಿದರೂ ಸರಿ, ಹಾಜ್ಯಾರದ್ದು ಏನೂ ತಪ್ಪಿಲ್ಲ ಅಂತ ಕೊನೆಗೆ ಸೇರಿಸಿದೆ. ಅವರು ಕಪ್ಪು ಕೆಳಗಿಟ್ಟರು. ಕಲೆಯಾದ ಹಗ್ಗವನ್ನು ಎತ್ತಿ ಆ ಬಿಳಿ ಜಾಗವನ್ನೇ ಹೆಬ್ಬೆರಳಿನಿಂದ ಸವರುತ್ತ ಕೂತರು.

“ಬಣ್ಣ ನೀರಲ್ಲಿ ಹೋಯಿತಾ?” ಅಂತ ಕೇಳಿದರು.

ಹೋಯಿತು ಸರ್ ಅಂದೆ.

“ಕಾಫಿ ಅದು,” ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಒಳಗಿನ ಕೋಣೆಯ ಬಾಗಿಲು ಮುಚ್ಚಿದೆಯಾ ಅಂತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. ಅವರಿಗೆ ಹತ್ತು ವರ್ಷವಿದ್ದಾಗ ಅಜ್ಜನ ಹಗ್ಗವನ್ನು ಗೋಡೆಯಿಂದ ಕದ್ದು ತೆಗೆದು, ಹೊಳೆಯಲ್ಲಿ ಡಬ್ಬಿಯ ದೋಣಿ ಎಳೆಯಲಿಕ್ಕೆ ಒಯ್ದಿದ್ದರಂತೆ. ದೋಣಿಯೂ ಹೋಯಿತು, ಹಗ್ಗವೂ ಹೋಯಿತು. ಪೇಟೆಯ ಅಂಗಡಿಯಿಂದ ಅಂಥದ್ದೇ ಒಂದು ತಂದು, ಕಾಫಿಯಲ್ಲಿ ಕುದಿಸಿ, ಬೂದಿಯಲ್ಲಿ ಹೊರಳಿಸಿ, ಪೊರಕೆಯ ಕೋಲು ಕತ್ತರಿಸಿ ಹಿಡಿ ಮಾಡಿ ಅದೇ ಮೊಳೆಗೆ ನೇತುಹಾಕಿದರು. ಅಜ್ಜ ಆಗಲೇ ತೀರಿಹೋಗಿದ್ದರು. ಅಪ್ಪನಿಗೆ ಗೊತ್ತಾಗಲಿಲ್ಲ. ಅಪ್ಪ ಪ್ರಾಣ ಬಿಡುವಾಗ ಕೈಯಲ್ಲಿ ಹಿಡಿದುಕೊಂಡದ್ದು ಆ ಪೊರಕೆಯ ಕೋಲನ್ನು.

“ಎಪ್ಪತ್ತು ವರ್ಷ,” ಅಂದರು. “ಹೆಂಡತಿಗೂ ಹೇಳಲಿಲ್ಲ. ನೀನು ನಾಲ್ಕು ದಿನ ತಡೆದುಕೊಳ್ಳಲಿಲ್ಲ.”

ಅದು ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ, ಅವರ ಕಣ್ಣಲ್ಲಿ ನೀರಿತ್ತು. ಆವತ್ತು ನನಗೆ ಆ ಗುಂಡಿಗಳ ಪಿರಿಪಿರಿ ಅರ್ಥವಾಯಿತು. ಉಳಿದದ್ದೆಲ್ಲ ಎಳೆಯಷ್ಟೂ ತಪ್ಪದೆ ಸರಿ ಇರಲೇಬೇಕಿತ್ತು ಅವರಿಗೆ, ಪಾಪ.

ಪೆಟ್ಟಿಗೆಯಲ್ಲಿ ಯಾವುದನ್ನು ಇಡಲಿ ಅಂತ ಕೇಳಿದೆ. ಕುಂಕುಮದ್ದನ್ನೇ ಇಡು ಅಂದರು. ಪೆಟ್ಟಿಗೆಯ ಮುಂದೆ ಇಡುವ ಕಾರ್ಡು ಬಾಕಿ ಇತ್ತು. ಅವರು ಮೊದಲು ಬರೆದುಕೊಟ್ಟದ್ದರಲ್ಲಿ ಫಿರಂಗಿ ದಳ, ಕೊನೆಯ ಗುಂಡು, ಅಜ್ಜ, ಬಳ್ಳಾರಿ ಎಲ್ಲ ಇತ್ತು. ಅದನ್ನು ನನ್ನಿಂದ ವಾಪಸು ತೆಗೆದುಕೊಂಡು ಪೆನ್ನಿನಿಂದ ಒಂದೊಂದೇ ಸಾಲು ಹೊಡೆದುಹಾಕಿದರು. ಹಗ್ಗ ಅಂತ ಪ್ರಿಂಟ್ ಮಾಡು, ಅಷ್ಟೇ ಸಾಕು ಅಂದರು. ಮಗ ಕೇಳಿದರೆ ಸರ್, ಅಂದೆ.

“ಕೇಳಲಿ,” ಅಂದರು. “ಯಾರಾದರೂ ಒಬ್ಬರು ಕೇಳಬೇಕು.”

ವರ್ಕ್‌ಶಾಪಿಗೆ ಬಂದು ಹಾಜ್ಯಾರಿಗೆ, ಹೇಳಿದೆ ಅಂದೆ. ಅಷ್ಟೇ ಅಂದದ್ದು, ಉಳಿದದ್ದು ನನ್ನದಲ್ಲ. ಅವರು ಖಲಾಸ್, ಮುಗಿಯಿತಲ್ಲ ಅಂದು ತಲೆಯಾಡಿಸಿದರು. ನನ್ನ ಕಾಗದ ಅವರ ಮೇಜಿನ ಮೇಲೆ ಇರಲಿಲ್ಲ. ಬೆಳಿಗ್ಗೆಯೇ, ನಾನು ಹೊರಟದ್ದರ ಹಿಂದೆಯೇ, ಸಹಿ ಹಾಕಿ ಆಫೀಸಿಗೆ ಕಳಿಸಿದ್ದರಂತೆ.

ಮರುದಿನ ಹಾಲ್‌ನಲ್ಲಿ ಜನವೋ ಜನ. ನಾನು ಗೋಡೆಯ ಬದಿಯಲ್ಲಿ, ದೀಪದ ವೈರು ನೋಡುವ ನೆಪದಲ್ಲಿ ನಿಂತಿದ್ದೆ. ಗೋಲಂದಾಜರ ಗುಂಡಿಗಳನ್ನು ಎಲ್ಲರೂ ಹೊಗಳಿದರು. ಒಂದು ಸಣ್ಣ ಹುಡುಗಿ ಮಾತ್ರ ಎತ್ತುಗಳ ಮುಂದಿನ ಮನುಷ್ಯನನ್ನು ತೋರಿಸಿ ಇವನ ಹೆಸರೆಂತ ಅಂತ ಅಮ್ಮನನ್ನು ಕೇಳಿದಳು. ಅಮ್ಮನಿಗೆ ಗೊತ್ತಿರಲಿಲ್ಲ. ಮುದುಕರ ಮಗ ಐವತ್ತು ದಾಟಿದ ದೊಡ್ಡ ಆಳು. ಮಾಡೆಲ್ಲನ್ನು ಎರಡು ಸುತ್ತು ಬಂದು, ಹಗ್ಗದ ಪೆಟ್ಟಿಗೆಯ ಎದುರು ಬಗ್ಗಿದ. ಕಾರ್ಡು ಓದಿದ. ತಿರುಗಿಸಿದರೆ ಹಿಂದೆ ಇನ್ನೂ ಏನಾದರೂ ಇರಬಹುದು ಅಂತ ತಿರುಗಿಸಿ ನೋಡಿದ. ಆಮೇಲೆ ಅಪ್ಪನ ಕಡೆ ನೋಡಿ ಏನೋ ಕೇಳಿದ. ಅಷ್ಟು ದೂರಕ್ಕೆ ನನಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಮುದುಕರು ಜನರ ಮೇಲಿಂದ ನನ್ನನ್ನು ಹುಡುಕಿದರು. ಅವರು ಗೋಡೆಯ ಬದಿಯ ಎರಡು ಕುರ್ಚಿಗಳನ್ನು ತಾವೇ ಎಳೆದು ಎದುರೆದುರು ಇಟ್ಟರು, ಒಂದರ ಮೇಲೆ ಕೈಯಿಟ್ಟು ಮಗನಿಗೆ ಕೂತುಕೋ ಅಂದರು.